ಹಕಾರವಿಲ್ಲದ ಹಡಗು

ನಡುಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ದೋಣಿ ಬರೆದದ್ದು ನನ್ನ ಹೆಂಡತಿ. ಬರೆದ ಮೇಲೆ ಅಳತೆ ಸರಿಯಿದೆಯೋ ಎಂದು ಟೇಪು ಹಿಡಿದು ನೋಡಿದ್ದು ನಾನು. ಇಡೀ ದೋಣಿಯಲ್ಲ. ಅಷ್ಟು ದೊಡ್ಡದು ನಂಜನಗೂಡಿನ ನಮ್ಮ ಮನೆಯ ಯಾವ ಕೋಣೆಯಲ್ಲೂ ಹಿಡಿಸುತ್ತಿರಲಿಲ್ಲ. ಮನುಷ್ಯರು ಇರುವ ಭಾಗ, ಮೇಲುಹಲಗೆಯ ಕೆಳಗಿನ ಕೋಣೆ, ಅದಷ್ಟೇ. ಉದ್ದ ಹನ್ನೆರಡಡಿ, ಅಗಲ ಏಳಡಿ, ಮುಂದೆ ಹೋದಂತೆ ಮೂತಿ ಚೂಪು. ಒಂದು ಪಕ್ಕ ಒಲೆ, ಇನ್ನೊಂದು ಪಕ್ಕ ನಾವಿಬ್ಬರು ಮಲಗುವ ಹಲಗೆ, ನಡುವೆ ಒಬ್ಬರು ನಿಂತರೆ ಇನ್ನೊಬ್ಬರು ಕೂರಲೇಬೇಕಾದಷ್ಟು ಜಾಗ.

"ಒಂದು ತಿಂಗಳು ಇದರೊಳಗೇ ಇದ್ದು ನೋಡೋಣ ಕಣ್ರೀ. ಗೆರೆ ದಾಟೋ ಹಾಗಿಲ್ಲ. ಗೆರೆಯೊಳಗೆ ಹಿಡಿಸದೇ ಇದ್ದದ್ದನ್ನ ಕೊಡೋದೋ, ಮಾರೋದೋ, ಬಿಸಾಕೋದೋ, ಆಮೇಲೆ ನೋಡಿದರಾಯ್ತು" ಎಂದಳು.

ಅವಳು ಅಂಗನವಾಡಿಯಲ್ಲಿ ಟೀಚರಾಗಿದ್ದು ನಿವೃತ್ತಿಯಾದವಳು. ನೆಲದ ಮೇಲೆ ಗೆರೆ ಎಳೆದು ಮಕ್ಕಳನ್ನು ಅದರೊಳಗೆ ಕೂರಿಸಿ ರೂಢಿ. ನಾನು ತಾಂಡ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರಾಗಿದ್ದವನು, ಅಳತೆಗೆ ಬಗ್ಗುವುದು ನನಗೆ ರೂಢಿ. ನಮಗೆ ಮಕ್ಕಳಿಲ್ಲ. ಹೀಗಾಗಿ ಈ ಆಟಕ್ಕೆ ಬೇಡ ಅನ್ನುವವರೂ ಮನೆಯಲ್ಲಿ ಇರಲಿಲ್ಲ.

ಆದರೆ ಆಟವಾಗಿರಲಿಲ್ಲ ಅದು. ನಾವು ದಣಿದಿದ್ದೆವು. ಎಷ್ಟು ದಣಿದಿದ್ದೆವೆಂದರೆ, ದಣಿದಿದ್ದೇವೆ ಎಂದು ಒಬ್ಬರಿಗೊಬ್ಬರು ಹೇಳುವುದನ್ನೂ ಬಿಟ್ಟಿದ್ದೆವು.

ನಮ್ಮಪ್ಪ ರಸ್ತೆ ಇಲಾಖೆಯಲ್ಲಿ ಗ್ಯಾಂಗ್‌ಮನ್. ಹುಲ್ಲಿನ ಸೂರಿನ ಕೆಳಗೆ ಹುಟ್ಟಿದ ಮನುಷ್ಯ, ನಂಜನಗೂಡಿನಲ್ಲಿ ಹೊಳೆಗೆ ಹತ್ತಿರದ ಒಂದು ಸೈಟು ತೆಗೆದುಕೊಂಡು ಇಟ್ಟಿಗೆ ಮನೆ ಕಟ್ಟಿದ. ನಮ್ಮ ವಂಶದಲ್ಲೇ ಮೊದಲ ಇಟ್ಟಿಗೆ ಮನೆ. ತಗ್ಗಿನ ಜಾಗವಾದ್ದರಿಂದಲೇ ಅವನ ಕೈಗೆ ಎಟುಕಿತ್ತು. ತಗ್ಗು ಅನ್ನುವುದರ ಅರ್ಥ ನಮಗೆ ಆಮೇಲೆ ತಿಳಿಯಿತು. ಮಳೆಗಾಲದಲ್ಲಿ ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರೆಂದರೆ ಕಪಿಲೆ ಮೊದಲು ಸ್ನಾನಘಟ್ಟ ಮುಳುಗಿಸುತ್ತಾಳೆ, ಆಮೇಲೆ ನಮ್ಮ ಬೀದಿಗೆ ಬರುತ್ತಾಳೆ, ಆಮೇಲೆ ನಮ್ಮ ಹೊಸಿಲು. ಅಪ್ಪನ ಕಾಲದಲ್ಲಿ ಎಂದೋ ಒಮ್ಮೆ ಬರುತ್ತಿದ್ದವಳು ಈಚೆಗೆ ವರ್ಷ ತಪ್ಪಿಸುವುದು ಕಡಿಮೆ.

ನೀರು ಬರುತ್ತದೆಂದರೆ ಏನೆಂದು ಬರದ ಕಡೆಯವರಿಗೆ ತಿಳಿಯದು. ರಾಗಿ ಮೂಟೆ, ಅಕ್ಕಿ ಮೂಟೆ, ಹಾಸಿಗೆ, ಟಿ.ವಿ., ಮಿಕ್ಸಿ, ದಾಖಲೆಪತ್ರದ ಟ್ರಂಕು, ಎಲ್ಲವನ್ನೂ ಹೊತ್ತು ಮೇಲಿನ ಶೀಟಿನ ಕೋಣೆಗೆ ಏರಿಸಬೇಕು. ಫ್ರಿಜ್ಜನ್ನು ಮೇಜಿನ ಮೇಲೆ ಮೇಜಿಟ್ಟು ನಿಲ್ಲಿಸಬೇಕು. ನೀರು ಇಳಿದ ಮೇಲೆ ಕೆಸರು ಬಾಚಬೇಕು, ಆ ಕೆಸರು ಸಾಮಾನ್ಯದ್ದಲ್ಲ, ಪೇಟೆಯ ಎಲ್ಲ ಮೋರಿಯೂ ಅದರಲ್ಲಿ ಪಾಲುದಾರ. ಗೋಡೆ ಒಣಗಬೇಕು. ಒಣಗಿದ ಮೇಲೆ ಸುಣ್ಣ. ಸುಣ್ಣ ಆದ ಮೇಲೆ ಏರಿಸಿದ್ದನ್ನೆಲ್ಲ ಇಳಿಸಬೇಕು. ನನ್ನ ಮಂಡಿ ಒಂದು ಮೆಟ್ಟಿಲಿಗೆ ಒಂದು ಸಲ ಕಟಕ್ಕೆನ್ನುತ್ತದೆ. ಮೆಟ್ಟಿಲು ಹದಿನಾಲ್ಕು.

ಇನ್ನು ದೋಣಿಯ ವಿಷಯ. ಕಾರ್ಖಾನೆಯಲ್ಲಿ ನನ್ನ ಜೊತೆಗೆ ಹೊನ್ನಾವರ ಕಡೆಯ ಒಬ್ಬ ಫಿಟ್ಟರ್ ಇದ್ದ. ನಿವೃತ್ತನಾಗಿ ಊರಿಗೆ ಹೋದವನು, ಮೀನಿನ ಕೆಲಸ ಬಿಟ್ಟಿದ್ದ ಒಂದು ಹಳೆಯ ದೋಣಿಗೆ ಮೇಲುಹಲಗೆ ಹಾಸಿ, ಕಂಬ ನಿಲ್ಲಿಸಿ, ಹಾಯಿ ಕಟ್ಟಿಕೊಂಡು, ಹೊಳೆ ಸಮುದ್ರಕ್ಕೆ ಸೇರುವ ಅಳಿವೆಯಲ್ಲಿ ಅದರೊಳಗೇ ಸಂಸಾರ ಹೂಡಿದ್ದ. ರಜೆಗೆಂದು ನಾವು ಹೋಗಿ ಇರುತ್ತಿದ್ದೆವು. ಹಗ್ಗ, ಗಂಟು, ಗಾಳಿ ಯಾವ ಕಡೆಯದೆಂದು ಕೆನ್ನೆಯಲ್ಲಿ ತಿಳಿಯುವುದು, ಇವನ್ನೆಲ್ಲ ನಾನು ಕಲಿತದ್ದು ಅಲ್ಲೇ. ಒಂದು ಬೆಳಿಗ್ಗೆ ಉಬ್ಬರ ಬಂತು. ದಡದ ಮೇಲೆ ನೀರು ಏರುವುದು ಕಿಟಕಿಯಲ್ಲಿ ಕಂಡದ್ದೇ ತಡ, ನನ್ನ ಹೆಂಡತಿ ನೆಲದ ಮೇಲಿದ್ದ ಹಿಟ್ಟಿನ ಚೀಲವನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಕೈ ತಾನಾಗಿ ಮಾಡಿದ ಕೆಲಸ. ಎಷ್ಟು ಹೊತ್ತಾದರೂ ಕಾಲಿಗೆ ನೀರು ತಾಗಲಿಲ್ಲ. ಚೀಲವನ್ನು ಹಿಡಿದುಕೊಂಡೇ ಆಚೆ ಈಚೆ ನೋಡಿದಳು.

"ನೀರು ಬಂತು ಕಣ್ರೀ, ನಾವೂ ಮೇಲೆ ಬಂದ್ವಿ" ಎಂದಳು.

ಆ ಗೆಳೆಯನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿ, ದೋಣಿಯನ್ನು ನೀವೇ ತೆಗೆದುಕೊಳ್ಳಿ ಎಂದಾಗ ನಮಗೆ ಬೇರೆ ಮಾತು ಹೊಳೆಯಲಿಲ್ಲ. ಮನೆ ಮಾರುವುದೆಂದು ನಿಶ್ಚಯವಾಯಿತು. ಆ ವರ್ಷದ ನೀರು ಬಂದು, ಇಳಿದು, ಕೆಸರು ಬಾಚಿ ಮುಗಿಸಿದ್ದ ದಿನಗಳು ಅವು. ಮಾರುವ ಮನೆಗೆ ಸುಣ್ಣ ಯಾಕೆಂದು ಅಷ್ಟಕ್ಕೇ ಬಿಟ್ಟು, ಸೀಮೆಸುಣ್ಣದ ಗೆರೆಯೊಳಗೆ ಇರತೊಡಗಿದೆವು.

ಎದುರು ಮನೆಯ ಅಜ್ಜಿ ಮಜ್ಜಿಗೆ ಕೇಳಲು ಬಂದವಳು ಗೆರೆಯ ಆಚೆಯೇ ನಿಂತಳು. "ಇದೇನವ್ವ ರಂಗೋಲಿ, ಮೂತಿ ಇಂಗ್ ಚೂಪಾಗದೆ? ಯಾವ್ ಅಬ್ಬುದ್ದು?"

"ರಂಗೋಲಿ ಅಲ್ಲಜ್ಜಿ. ಮನೆ ಮಾರ್ತಾ ಇದೀವಿ. ಇನ್ನುಮೇಲೆ ಹಡಗಲ್ಲಿ ಇರ್ತೀವಿ" ಎಂದಳು ನನ್ನವಳು. ದೋಣಿ ಎನ್ನಬಹುದಿತ್ತು. ಆದರೆ ನಮ್ಮ ಕಡೆ ದೋಣಿಯೆಂದರೆ ಹೊಳೆ ದಾಟಿಸುವುದು, ಅದರಲ್ಲಿ ಸಂಸಾರ ಮಾಡುತ್ತೇವೆಂದರೆ ಯಾರು ನಂಬುತ್ತಾರೆ? ಅದಕ್ಕೆ ಸ್ವಲ್ಪ ದೊಡ್ಡದು ಮಾಡಿ ಹೇಳಿದಳು.

ನಮ್ಮ ಸೀಮೆಯ ನಾಲಿಗೆಗೆ ಹಕಾರದ ಜೊತೆ ಒಗೆತನವಿಲ್ಲ. ಬೀದಿಯ ಮಕ್ಕಳಿಗೆಲ್ಲ ಚಿತ್ರಪಟ ತೋರಿಸಿ "ಹ, ಹಡಗು" ಎಂದು ಕಲಿಸಿದವಳು ಇವಳೇ. ಅವು ತರಗತಿಯಲ್ಲಿ ಹಡಗು ಎಂದು ಕೂಗಿ, ಮನೆಗೆ ಹೋಗಿ ಅಡಗು ಅನ್ನುತ್ತಿದ್ದವು. ಅಜ್ಜಿಯ ಬಾಯಲ್ಲೂ ಅದೇ ಆಯಿತು. "ಅವ್ರು ಅಡಗಲ್ಲಿರ್ತಾರಂತೆ" ಎಂದು ನಲ್ಲಿಯ ಹತ್ತಿರ ಹೇಳಿದಳು. ನಲ್ಲಿಯಿಂದ ಅಂಗಡಿಗೆ ಹೋಗುವಷ್ಟರಲ್ಲಿ ಅದು "ಅಡಗಿರ್ತಾರಂತೆ" ಆಗಿತ್ತು. ಮನೆ ಮಾರಿಕೊಂಡು ಅಡಗಿರುವವರು! ಯಾಕೆ ಅಡಗುತ್ತಾರೆ ಅನ್ನುವುದನ್ನು ಒಬ್ಬೊಬ್ಬರೂ ಅವರವರ ಶಕ್ತ್ಯನುಸಾರ ತುಂಬಿಕೊಂಡರು.

ಮನೆ ಕೊಳ್ಳಲು ಒಪ್ಪಿದ್ದವನು ಬಾಳೆಹಣ್ಣಿನ ಮಂಡಿಯವನು. ಮನೆ ಕೆಡವಿ, ಕಂಬಗಳ ಮೇಲೆ ಹೊಸದು ಎಬ್ಬಿಸಿ, ಕೆಳಗೆ ಗಾಡಿ ನಿಲ್ಲಿಸುವ ಲೆಕ್ಕ ಅವನದು. ನೀರು ಬಂದರೆ ಕಂಬದ ನಡುವೆ ಹಾದುಹೋಗಲಿ ಅನ್ನುವ ಬುದ್ಧಿವಂತ. ಒಂದು ದಿನ ಮುಖ ಸಣ್ಣಗೆ ಮಾಡಿಕೊಂಡು ಬಂದ.

"ಸಾ, ತೆಪ್ ತಿಳ್ಕಬ್ಯಾಡಿ. ಏನಾರ ಕೇಸು ಗೀಸು ಅದಾ?"

"ಯಾವ ಕೇಸಪ್ಪಾ?"

"ಅಲ್ಲ, ತಲೆ ಮರೆಸ್ಕತೀರಿ ಅಂತ ಮಂಡಿಲೆಲ್ಲ ಮಾತು. ನಂಗೇನ್ ಬುಡಿ ಸಾ, ನಿಮ್ ಮೊಕ ನೋಡುದ್ರೆ ಅಂಗ್ ಕಾಣಕಿಲ್ಲ."

ಕಾಣುವುದಿಲ್ಲ ಎಂದನಾದರೂ ಅಲ್ಲಿಂದ ಸೀದಾ ವಕೀಲರ ಹತ್ತಿರ ಹೋದ. ವಕೀಲರು ಹಳೆಯ ಕಾಗದವನ್ನೆಲ್ಲ ತಿರುವಿ ಹಾಕಿ, ಮನೆ ಅಪ್ಪನದು, ಇವರಿಗೆ ಅಕ್ಕ ಒಬ್ಬಳಿದ್ದಾಳೆ, ಆಕೆ ಸಬ್‌ರಿಜಿಸ್ಟ್ರಾರ್ ಮುಂದೆ ಬಂದು ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟರೆ ಮಾತ್ರ ಮುಂದಿನ ಮಾತು ಎಂದರು. ಸರಿಯಾದ ಮಾತೇ. ತಪ್ಪು ನನ್ನದು. ಅಕ್ಕನಿಗೆ ನಾನು ಇನ್ನೂ ಹೇಳಿರಲೇ ಇಲ್ಲ. ಗೌರಿಹಬ್ಬಕ್ಕೆ ಹೇಗೂ ಬರುತ್ತಾಳೆ, ಆಗ ಎದುರಿಗೆ ಕೂತು ಹೇಳೋಣ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಅವಳಿಗೆ ಹೇಳುವಷ್ಟು ತ್ರಾಣ ನನ್ನಲ್ಲಿ ಇರಲಿಲ್ಲ.

ಅಕ್ಕನನ್ನು ಕೊಟ್ಟಿರುವುದು ಹೆಮ್ಮಿಗೆಗೆ. ನರಸೀಪುರದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು. ಭಾವ ತೀರಿಕೊಂಡಿದ್ದಾರೆ. ಮಗ ಸೊಸೆ ಗದ್ದೆ ನೋಡಿಕೊಳ್ಳುತ್ತಾರೆ. ನಾನು ಹೋದಾಗ ಅವರಿಬ್ಬರೂ ನಾಟಿಗೆ ಹೋಗಿದ್ದರು, ಅಕ್ಕ ಒಬ್ಬಳೇ ಜಗಲಿಯಲ್ಲಿ ಅಕ್ಕಿ ಕೇರುತ್ತಿದ್ದಳು. ನನ್ನನ್ನು ಕಂಡದ್ದೇ ಮೊರ ಬಿಟ್ಟು ಎದ್ದು, ತೋಳು ಹಿಡಿದು ಒಳಕ್ಕೆ ಎಳೆದುಕೊಂಡು ಬಾಗಿಲು ಹಾಕಿದಳು.

"ಯಾರಾರ ನೋಡುದ್ರೇನ್ಲಾ?"

"ಯಾರು ನೋಡಿದರೆ ಏನಕ್ಕ?"

"ಮೆತ್ತುಗ್ ಮಾತಾಡು" ಎಂದು ಅಟ್ಟದ ಏಣಿ ತೋರಿಸಿದಳು. "ಮ್ಯಾಲ್ ಗುಡ್ಸಿ ಚಾಪೆ ಆಸಿವ್ನಿ. ಬಿಂದಿಗೆ ನೀರ್ ಮಡ್ಗಿವ್ನಿ. ಎಷ್ಟ್ ದಿನ ಬೇಕಾದ್ರೂ ಇರು. ಜಗಲಿ ಮ್ಯಾಲ್ ನಾನ್ ಕುಂತಿರ್ತೀನಿ, ಅದ್ಯಾವನ್ ಬಂದು ನನ್ ತಮ್ಮುನ್ನ ಇಡ್ಕೊಂಡ್ ಓಯ್ತಾನೋ ನೋಡ್ತೀನಿ."

ಸುದ್ದಿ ನನಗಿಂತ ಮೊದಲೇ ನರಸೀಪುರದ ಬಸ್ಸು ಹತ್ತಿತ್ತು. ನಗು ಬಂತು. ನಾನೇನು ಮಾಡಿದ್ದೇನೆಂದು ಅವಳು ಕೇಳಿಯೇ ಇರಲಿಲ್ಲ.

"ಅಡಗೋದಲ್ಲ ಕಣಕ್ಕ. ಹಡಗು. ಹ, ಹಡಗು."

"ಅದ್ನೇ ಕಣ್ಲಾ ನಾನೂ ಅಂತಾ ಇರೋದು, ಅಡಗು."

"ಅಯ್ಯೋ, ನೀರಿನ ಮೇಲೆ ಹೋಗುತ್ತಲ್ಲ, ಹಾಯಿ ಕಟ್ಟಿರ್ತಾರೆ, ಅದು!"

ಕೂರಿಸಿ ಎಲ್ಲ ಹೇಳಿದೆ. ದೋಣಿ, ಗೆಳೆಯ, ಮಂಡಿಯವನು, ವಕೀಲರು. ಅಕ್ಕ ಕೇಳುತ್ತ ಕೇಳುತ್ತ ಸೆರಗಿನ ತುದಿಯನ್ನು ಸುತ್ತಿ ಸುತ್ತಿ ಬತ್ತಿಯಂತೆ ಮಾಡಿದಳು. ಆಮೇಲೆ ಎದ್ದು, ಹಾಕಿದ್ದ ಬಾಗಿಲನ್ನು ತೆಗೆದಳು.

"ಅಡಗೋದಾದ್ರೆ ಬುದ್ದಿಗ್ ಇಡಿತದೆ. ಮನ್ಸ ಅಂದ್ಮೇಲೆ ಏನೋ ಒಂದ್ ಆಯ್ತದೆ, ಅಡಗ್ತಾನೆ. ಚೆನ್ನಾಗಿರೋ ಅಪ್ಪನ್ ಮನೆ ಮಾರ್ಕೊಂಡ್ ನೀರ್ ಮ್ಯಾಲ್ ಓಯ್ತೀನಿ ಅಂತೀಯಲ್ಲ, ನಿಂಗೇನ್ ಬಂದಿರೋದು?"

"ಅಕ್ಕ..."

"ಗೌರಿಗೆ ನಾನ್ ಎಲ್ಲಿಗ್ ಬರ್ಲಿ? ಏಳು. ಅವ್ವ ಓದ್ಲು, ಅಪ್ಪ ಓದ, ಇಬ್ರೂ ಓದ್ಮೇಲೂ ಆ ಬಾಕ್ಲು ಇತ್ತು. ಊರ್ ಎಣ್ಮಕ್ಳೆಲ್ಲ ತವ್ರಿಗ್ ಓಗ್ಬತ್ತೀನಿ ಅಂದ್ರೆ ನಾನೂ ಅಂತಿದ್ದೆ. ಇನ್ ಏನಂತ ಅನ್ಲಿ? ಕಪ್ಲೆ ನೀರಾದ್ರೂ ನಿಮ್ಮೂರ್ನಿಂದ ನಮ್ ಕಡಿಕ್ ಬತ್ತದೆ. ನೀನು ಆ ಕಡೆ ಸಮುದ್ರುಕ್ ಓದ್ರೆ ನೀರೂ ಬರಾಕಿಲ್ಲ."

ಘಟ್ಟದ ಆಚೆಯ ನೀರು ಈಚೆಗೆ ಬರುವುದಿಲ್ಲ, ಅವಳ ಭೂಗೋಳ ಸರಿಯಾಗಿಯೇ ಇತ್ತು.

"ನಾನ್ ಬರಾಕಿಲ್ಲ. ಎಬ್ಬೆಟ್ಟೂ ಕೊಡಾಕಿಲ್ಲ. ಉಂಡ್ಕೊಂಡ್ ಓಗು" ಎಂದು ಎಲೆ ಹಾಕಿದಳು. ಬಡಿಸಿದಳು. ಮರಳುವ ಬಸ್ಸಿನಲ್ಲಿ ನನಗೆ ದುಃಖವೂ ಆಗಲಿಲ್ಲ. ಸುಮ್ಮನೆ ಮೈ ಭಾರ. ಅವಳು ಕೊಡದಿದ್ದರೆ ಮನೆ ಉಳಿಯುತ್ತದೆ, ಉಳಿದರೆ ಬರುವ ಮಳೆಗಾಲಕ್ಕೆ ಮತ್ತೆ ಹದಿನಾಲ್ಕು ಮೆಟ್ಟಿಲು. ಕೊಟ್ಟರೆ ಅಕ್ಕ ಇರುವುದಿಲ್ಲ. ನಂಜನಗೂಡು ಬರುವವರೆಗೆ ಎರಡನ್ನೂ ಆಚೆ ಈಚೆ ಹೊರಳಿಸಿ ಸಾಕಾಗಿ, ಕಿಟಕಿಗೆ ತಲೆ ಕೊಟ್ಟು ಕೂತೆ.

ಮೂರು ದಿನವಾದ ಮೇಲೆ ಬೆಳಿಗ್ಗೆ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಕಂಕುಳಲ್ಲಿ ಅಕ್ಕಿಯ ಗಂಟು.

"ಸೈನ್ ಆಕಕ್ ಬಂದಿಲ್ಲ. ಅದೇನ್ ನೋಡಾಣ ಅಂತ ಬಂದೆ. ಎಲ್ಲದವ್ವಾ ನಿಮ್ ಅಡಗು?"

ನನ್ನ ಹೆಂಡತಿ ನೆಲ ತೋರಿಸಿದಳು. ಅಕ್ಕ ಗೆರೆಯನ್ನು ಒಂದು ಸುತ್ತು ಹಾಕಿದಳು. ನಾವು ಬಾಗಿಲೆಂದು ಬಿಟ್ಟಿದ್ದ ಸಂದಿಯನ್ನು ಪತ್ತೆ ಮಾಡಿ, ಅಲ್ಲಿಂದಲೇ ಒಳಗೆ ಬಂದು ಕೂತಳು. ಗೆರೆ ತುಳಿದು ಬಂದವರೇ ಹೆಚ್ಚು, ಬಾಗಿಲಿನಿಂದ ಬಂದವಳು ಅವಳೊಬ್ಬಳೇ.

"ಒಲೆ?"

"ಇಲ್ಲಿ, ಅತ್ಗೆ."

"ಬಚ್ಚಲು?"

"ಮೂತಿ ಕಡೆ, ಈ ಚೌಕ."

"ಅದಾ! ಅದ್ರಲ್ಲಿ ಕೋಳಿನೂ ಕೂರಾಕಿಲ್ಲ" ಎಂದಳು. ನನ್ನ ಹೆಂಡತಿ ನಕ್ಕಳು, ಅಕ್ಕ ನಗಲಿಲ್ಲ. "ಇದ್ಯಾರ್ ಮಲಗೋದು?"

"ನಾವು."

"ನಾನ್ ಬಂದ್ರೆ?"

ನಾವಿಬ್ಬರೂ ನೆಲ ನೋಡಿದೆವು. ಹಿಟ್ಟಿನ ಡಬ್ಬಕ್ಕೆ ಜಾಗ ಬರೆದಿದ್ದೆವು, ಹಗ್ಗಕ್ಕೆ, ನನ್ನ ಸ್ಪ್ಯಾನರು ಪೆಟ್ಟಿಗೆಗೆ, ಅವಳ ಹೊಲಿಗೆ ಯಂತ್ರಕ್ಕೆ. ಅಕ್ಕನಿಗೆ ಬರೆದಿರಲಿಲ್ಲ. ನನ್ನ ಹೆಂಡತಿ ಸೆರಗಿನ ತುದಿಯಿಂದ ಹೊಲಿಗೆ ಯಂತ್ರವನ್ನೂ ಸ್ಪ್ಯಾನರು ಪೆಟ್ಟಿಗೆಯನ್ನೂ ಒರೆಸಿ ಹಾಕಿ, ಅಲ್ಲಿ ಉದ್ದಕ್ಕೊಂದು ಹಲಗೆ ಬರೆದಳು. ಆ ಹಲಗೆ ಈಗ ನಿಜವಾಗಿಯೂ ದೋಣಿಯಲ್ಲಿದೆ. ಅದರ ಮೇಲೆ ನಾವು ಏನನ್ನೂ ಇಡುವುದಿಲ್ಲ. ಅಕ್ಕ ಇನ್ನೂ ಬಂದಿಲ್ಲ.

ಅವತ್ತು ಮಾತ್ರ, ಉದ್ದ ಸಾಕೋ ನೋಡಾಣ ಎಂದು ಅಲ್ಲೇ ನೆಲದ ಮೇಲೆ ಒಂದು ಮಗ್ಗುಲಾಗಿ ಮಲಗಿದಳು. ಕಾಲು ಚಾಚಿದಳು. ಸರಿಹೋಯಿತು. ಮಲಗಿದವಳ ಕಣ್ಣು ಎದುರಿನ ಗೋಡೆಗೆ ಹೋಯಿತು. ಸುಮಾರು ಹೊತ್ತು ಏಳಲಿಲ್ಲ. ನಿದ್ದೆ ಬಂತೇನೋ ಎಂದುಕೊಂಡೆ.

"ಅದೇನ್ಲಾ ಗೆರೆ?"

ಸೀಮೆಸುಣ್ಣದ್ದಲ್ಲ ಅದು. ಗೋಡೆಯ ಮೇಲೆ, ಸ್ವಿಚ್ ಬೋರ್ಡಿಗಿಂತ ಮೇಲೆ, ಕೋಣೆಯ ಸುತ್ತ ಒಂದೇ ಮಟ್ಟದಲ್ಲಿ ಓಡಿದ್ದ ಕಂದು ಗೆರೆ. ಕಪಿಲೆ ಆ ಸಲ ನಿಂತು ಹೋಗಿದ್ದ ಎತ್ತರ. ನಮಗೆ ಅದು ಕಾಣುವುದೇ ನಿಂತುಹೋಗಿತ್ತು. ಅಕ್ಕ ಎದ್ದು ಹೋಗಿ ಗೋಡೆಯ ಪಕ್ಕ ನಿಂತಳು. ಗೆರೆ ಅವಳ ಎದೆಮಟ್ಟಕ್ಕಿತ್ತು. ಉಗುರಿನಿಂದ ಕೆರೆದಳು, ಒಣಗಿದ ಕೆಸರು ಪುಡಿಯಾಗಿ ಉದುರಿತು.

"ನಾನ್ ಪೋನ್ ಮಾಡ್ದಾಗ ಬೀದಿಲೇ ನಿಂತದೆ ಕಣಕ್ಕ, ಒಳಿಕ್ ಬಂದಿಲ್ಲ ಅಂದಲ್ಲ?"

ಉದುರಿದ ಪುಡಿಯನ್ನು ನಾನು ಕಾಲಿನಿಂದ ಬದಿಗೆ ಸರಿಸಿದೆ.

"ಓದ್ ವರ್ಷ್ವೂ ಅಂಗೇ ಅಂದೆ. ಅದುರ್ ಇಂದಿನ್ ವರ್ಷ್ವೂ ಅಂದೆ."

ನನ್ನ ಹೆಂಡತಿ ಹೇಳಿದಳು. ದೂರುವ ದನಿಯಲ್ಲಿ ಅಲ್ಲ, ಪಾತ್ರೆ ಎಷ್ಟಿವೆ ಎಂದು ಎಣಿಸುವ ದನಿಯಲ್ಲಿ. "ಹೆಚ್ಚುಕಡಿಮೆ ವರ್ಷಾ ವರ್ಷ ಅತ್ಗೆ. ನೀವು ಗೌರಿಗೆ ಬರೋದರೊಳಗೆ ಬಾಚಿ, ತೊಳೆದು, ಸುಣ್ಣ ಹೊಡೆಸಿ ಎಲ್ಲಾ ಇಳಿಸಿಬಿಡಬೇಕು ಅಂತಾರೆ ನಿಮ್ಮ ತಮ್ಮ. ಅಕ್ಕ ನೋಡಬಾರದು ಅಂತಾರೆ. ಹಬ್ಬದ ಹಿಂದಿನ ದಿನ ನಮ್ಮಿಬ್ಬರಿಗೂ ಕೈಯೆತ್ತೋಕೆ ಆಗ್ತಿರಲಿಲ್ಲ."

ಅಕ್ಕ ಗೋಡೆಯ ಕಡೆಗೇ ತಿರುಗಿಕೊಂಡಿದ್ದಳು.

"ಅಬ್ಬುಕ್ ಬಂದೋಳು ನೋಡಿ, ಎಂಗ್ ಮಡ್ಗವ್ನೆ ನನ್ ತಮ್ಮ ಮನೆಯ, ಸುಣ್ಣದ್ ವಾಸ್ನೆ ಇನ್ನೂ ಓಗಿಲ್ಲ ಅಂತ ಊರೆಲ್ಲ ಏಳ್ಕೊಂಡ್ ತಿರುಗ್ದೆ. ಇವ್ರು ಇಲ್ಲಿ ಎದೆಮಟ್ಟ ನೀರಲ್ ನಿಂತವ್ರೆ." ನನ್ನ ಕಡೆ ತಿರುಗಿದಳು. "ಜನ ಏಳಿದ್ದು ಸುಳ್ಳಲ್ಲ ಕಣ್ಲಾ. ನೀನ್ ಅಡಗ್ಲಿಲ್ಲ. ನನ್ನಿಂದ ಅಡಗ್ಸ್ದೆ."

"ನೀನು ಹೆದರ್ಕೋತೀಯ ಅಂತ..."

"ಎದ್ರುಕೋಬೇಕು. ಅದುಕ್ ತಾನೆ ಅಕ್ಕ ಅಂತ ಇರೋದು?"

ಮಧ್ಯಾಹ್ನ ಅವಳು ತಂದಿದ್ದ ಅಕ್ಕಿಯಲ್ಲೇ ಅನ್ನವಾಯಿತು. ಮೂವರೂ ಗೆರೆಯೊಳಗೆ ಮಂಡಿಗೆ ಮಂಡಿ ತಾಗಿಸಿ ಉಂಡೆವು. ಕೈ ತೊಳೆದು ಬಂದವಳು ಬೇರೆಲ್ಲೋ ನೋಡುತ್ತ ಕೇಳಿದಳು: "ಕಚೇರಿಗ್ ಯಾವತ್ ಓಗೋದು?"

ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕಾಯುವುದೇ ಕೆಲಸ. ಕಂಪ್ಯೂಟರ್ ಬಂದು ಹೋಗಿ ಮಾಡುತ್ತಿತ್ತು. ಗೌರಿಹಬ್ಬಕ್ಕೆ ಇನ್ನು ಮೂರೇ ದಿನವಿತ್ತು, ಬೆಳಿಗ್ಗೆ ಹೋದವರನ್ನು ಮೂರು ಗಂಟೆಗೆ ಕರೆದರು. ಅಕ್ಕನನ್ನು ಕ್ಯಾಮೆರಾ ಮುಂದೆ ಕೂರಿಸಿದರು. ಹೆಬ್ಬೆರಳು ಎರಡು ಸಲ ಸರಿಬರಲಿಲ್ಲ, ಗದ್ದೆ ಕೆಲಸದಲ್ಲಿ ಗೆರೆ ಸವೆದುಹೋಗಿತ್ತು. ಮೂರನೆಯ ಸಲಕ್ಕೆ ಬಂತು. ಅಧಿಕಾರಿ ತಲೆಯೆತ್ತದೆ ದಿನಕ್ಕೆ ನೂರು ಸಲ ಕೇಳುವ ಪ್ರಶ್ನೆ ಕೇಳಿದರು.

"ಏನಮ್ಮ, ಸ್ವಇಚ್ಛೆಯಿಂದ ಹಕ್ಕು ಬಿಟ್ಟುಕೊಡ್ತಾ ಇದೀರಾ?"

"ಇಚ್ಚೆ ಇಲ್ಲ ಸಾ" ಎಂದಳು ಅಕ್ಕ.

ಅಧಿಕಾರಿಯ ತಲೆ ಮೇಲೆದ್ದಿತು. ಹಿಂದೆ ನಿಂತಿದ್ದ ಮಂಡಿಯವನು "ಅಯ್ಯಯ್ಯೋ" ಎಂದು ಗೋಡೆಗೆ ಒರಗಿದ.

"ಯಾರಾದ್ರೂ ಬಲವಂತ ಮಾಡಿದ್ದಾರಾ ಅಮ್ಮ?"

"ಬಲವಂತಾನೂ ಇಲ್ಲ ಸಾ. ಇಚ್ಚೆನೂ ಇಲ್ಲ. ಅವ್ರಿಬ್ರುಗೂ ಸಾಕಾಗೋಗದೆ. ಅದುಕ್ ಕೊಡ್ತಾ ಇವ್ನಿ."

ಅಧಿಕಾರಿ ಕನ್ನಡಕ ತೆಗೆದು ಮೂಗು ಒತ್ತಿಕೊಂಡರು. ಅವರೂ ದಣಿದಿದ್ದರು ಅನ್ನಿಸುತ್ತದೆ. "ಅದನ್ನ ಬರೆಯೋಕೆ ಇದರಲ್ಲಿ ಜಾಗ ಇಲ್ಲಮ್ಮ. ಹೂಂ ಅಂದ್ರೆ ಹೂಂ, ಇಲ್ಲ ಅಂದ್ರೆ ಇಲ್ಲ."

ನಾನು ಅವಳ ಕುರ್ಚಿಯ ಹತ್ತಿರ ಹೋದೆ. "ಬಿಡಕ್ಕ. ಬೇಡ. ನಡಿ ಮನೆಗೆ ಹೋಗೋಣ" ಎಂದೆ. ಮನಸ್ಸಿನಿಂದಲೇ ಅಂದದ್ದು. ಆ ಕ್ಷಣಕ್ಕೆ ಇನ್ನೊಂದು ಮಳೆಗಾಲ ಹೊರಬಲ್ಲೆ ಅನ್ನಿಸಿತ್ತು.

"ನೀನ್ ಸುಮ್ನಿರ್ಲಾ" ಎಂದಳು, ನನ್ನನ್ನು ನೋಡಲೂ ಇಲ್ಲ. ಸೆರಗು ಸರಿಮಾಡಿಕೊಂಡು, ಅಧಿಕಾರಿಗಲ್ಲ, ಆ ಪುಟ್ಟ ಕ್ಯಾಮೆರಾಕ್ಕೆ ಹೇಳಿದಳು: "ಊಂ ಅಂತ ಬರ್ಕಳಿ."

ಅದಾದ ಮೇಲೆ ಕ್ರಯಪತ್ರ, ನನ್ನ ಹೆಬ್ಬೆರಳು, ನನ್ನ ಫೋಟೊ, ಮಂಡಿಯವನ ಫೋಟೊ. ಅವನು ಎಲ್ಲರಿಗೂ ಸ್ವೀಟು ಹಂಚಿದ. ಹೊರಗೆ ಬಂದಾಗ ಬಿಸಿಲು ಇಳಿಯುತ್ತಿತ್ತು.

"ಬಾ ಅಕ್ಕ, ಮನೆಗೆ ಬಂದು ಒಂದು ಲೋಟ ಕಾಫಿ ಕುಡಿದು ಹೋಗು" ಎಂದೆ.

"ಯಾರ್ ಮನೆಗ್ಲಾ?"

ಕುಟುಕಿ ಆಡಿದ ಮಾತಲ್ಲ. ನಿಜವಾಗಿಯೂ ಗೊತ್ತಾಗದೆ ಕೇಳಿದಂತಿತ್ತು. ಕೇಳಿದ ಮೇಲೆ ಅವಳಿಗೇ ತಿಳಿದು, ಬೇರೆ ಕಡೆ ಮುಖ ಮಾಡಿ ಚೀಲದಲ್ಲಿ ಆಧಾರ್ ಕಾರ್ಡು ಹುಡುಕತೊಡಗಿದಳು. ಸಾಮಾನು ಸಾಗಿಸಲು ಮಂಡಿಯವನು ನಮಗೆ ಹಬ್ಬ ಕಳೆಯುವವರೆಗೆ ಸಮಯ ಕೊಟ್ಟಿದ್ದ. ಆದರೂ ಕಾಫಿಯ ಮಾತು ಅಲ್ಲಿಗೇ ಬಿಟ್ಟೆ.

ಬಸ್‌ಸ್ಟ್ಯಾಂಡಿಗೆ ಮೂವರೂ ನಡೆದೆವು. ನರಸೀಪುರದ ಬಸ್ಸು ನಿಂತಿತ್ತು. ಅಕ್ಕ ಹತ್ತಿ ಕಿಟಕಿ ಪಕ್ಕ ಕೂತಳು. ನಾನು ಕೆಳಗೆ ನಿಂತು ಕಿಟಕಿಯ ಸರಳು ಹಿಡಿದುಕೊಂಡಿದ್ದೆ. ನನ್ನ ಹೆಂಡತಿ ಹಿಂದಿನಿಂದ ಬೆನ್ನಿಗೆ ಕೈ ಹಚ್ಚಿದಳು. "ಹತ್ತಿ" ಎಂದಳು. "ಈ ಸಲ ಹಬ್ಬಕ್ಕೆ ನೀವೇ ಹೋಗಿ. ನಾನು ನಾಡಿದ್ದು ಸೀರೆ, ಬಾಗಿನ ಹಿಡಿದುಕೊಂಡು ಬರ್ತೀನಿ."

ಹತ್ತಿದೆ. ಅಕ್ಕ ಏನೂ ಕೇಳದೆ ಚೀಲವನ್ನು ಸೀಟಿನಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಕಂಡಕ್ಟರ್ ಅವಳ ಕಾರ್ಡು ನೋಡಿ ಉಚಿತದ ಚೀಟಿ ಹರಿದುಕೊಟ್ಟು, ನನ್ನ ಕಡೆ ತಿರುಗಿದ.

"ನಿಮ್ದೆಲ್ಲಿಗೆ ಸಾ?"

"ನರಸೀಪುರ. ಅಲ್ಲಿಂದ ಹೆಮ್ಮಿಗೆ. ಅಕ್ಕನ ಮನೆಗೆ" ಎಂದೆ. ಅವನಿಗೆ ಬೇಕಾದದ್ದು ಮೊದಲನೆಯ ಮಾತಷ್ಟೇ.

ಪೇಟೆ ದಾಟುವ ಮೊದಲೇ ನನಗೆ ನಿದ್ದೆ ಹತ್ತಿತ್ತು. ಎಷ್ಟು ದಿನದ ನಿದ್ದೆಯೋ. ಎಚ್ಚರವಾದಾಗ ಬಸ್ಸು ನರಸೀಪುರದಲ್ಲಿ ನಿಂತಿತ್ತು, ನನ್ನ ತಲೆ ಅಕ್ಕನ ಹೆಗಲ ಮೇಲಿತ್ತು, ಅವಳು ಕೆನ್ನೆ ತಟ್ಟುತ್ತಿದ್ದಳು.

"ಏಳ್ಲಾ, ಮಗ, ಏಳು. ನಮ್ಮೂರ್ ಬಸ್ಸು ಒಂಟೋಯ್ತದೆ."